ಪುಟ್ಟಮ್ಮನ ತೋಟ, ಜಯಮ್ಮನ ಹಾಳೆ

೨೦೦೪ನೇ ಇಸವಿಯಲ್ಲಿ ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಆರ್ಟ್ ಥೆರಪಿ ವಿದ್ಯಾರ್ಥಿನಿಯಾಗಿದ್ದೆ. ಆ ಕೋರ್ಸಿಗೆ ನಮ್ಮದೇ ಮೊದಲನೇ ಬ್ಯಾಚು. ಇಡೀ ತರಗತಿಯನ್ನು ಒಂದೇ ಆಟೋದಲ್ಲಿ ತುಂಬಬಹುದಿತ್ತು. ಮನಸ್ಸಿಗೆ ಪೆಟ್ಟಾದವರಿಗೆ, ಬಾಯಿಬಿಟ್ಟು ಹೇಳಿಕೊಳ್ಳಲಾಗದವರಿಗೆ ಬಣ್ಣವನ್ನೋ ಜೇಡಿಮಣ್ಣನ್ನೋ ಕೊಟ್ಟು, ಅವರು ಮಾಡಿದ್ದನ್ನು ಅವರ ಜೊತೆ ಕೂತು ನೋಡುವ ಚಿಕಿತ್ಸೆ ಇದು ಎಂದು ಕೇಳಿದವರಿಗೆಲ್ಲ ವಿವರಿಸಿ ನನ್ನ ಗಂಟಲು ಒಣಗಿತ್ತು. ತಿಪಟೂರಿನಲ್ಲಿ ಲೇಡೀಸ್ ಟೈಲರ್ ಆಗಿದ್ದ ನಮ್ಮಪ್ಪ, ನಮ್ಮ ಅಬ್ಬಾ, ಮಾತ್ರ ಒಪ್ಪಲೇ ಇಲ್ಲ. "ಚಿತ್ರ ಬರೆಸೋಕೆ ಎರಡು ವರ್ಷ ಓದ್ಬೇಕೇನಮ್ಮ? ನಮ್ಮ ಮೇಷ್ಟ್ರು ಬೆತ್ತ ತೋರ್ಸಿದ್ರೆ ಸಾಕು, ನಾವೇ ಬರೀತಿದ್ವಿ" ಅನ್ನುತ್ತಿದ್ದರು.

ನಮ್ಮ ಪ್ರೊಫೆಸರ್ ಮೇಡಂ ಮೊದಲನೇ ದಿನವೇ ನಮ್ಮ ಬಾಯಿಂದ ಎರಡು ಮಾತು ಕಿತ್ತುಕೊಂಡರು. ಒಂದು, 'ಚೆನ್ನಾಗಿದೆ'. ಇನ್ನೊಂದು, 'ಇದೇನು?' ಈ ಎರಡೂ ಬೇಡವೆಂದ ಮೇಲೆ ಒಬ್ಬರ ಚಿತ್ರದ ಮುಂದೆ ಕೂತು ಆಡುವುದಕ್ಕೆ ಇನ್ನೇನು ಉಳಿಯುತ್ತದೆ ಹೇಳಿ? ಮೊದಲ ತಿಂಗಳು ನಾವೆಲ್ಲ ಮೂಗರಂತೆ ಒಬ್ಬರ ಚಿತ್ರ ಒಬ್ಬರು ನೋಡಿಕೊಂಡು ಕೂತಿದ್ದೆವು. ಹಾಗೆ ಒಂದು ದಿನ ನಾನು ಅಬ್ಬಾರ ಹೊಲಿಗೆ ಮಿಷನ್ ಬರೆದಿದ್ದೆ. ಗೆಳತಿ ಶೈಲಾ ಅದನ್ನು ಕ್ಯಾಂಟೀನಿನಲ್ಲಿ ಬೇರೆ ವಿಭಾಗದ ಸೀನಿಯರುಗಳಿಗೆ ವರ್ಣಿಸಿ, "ನಸ್ರೀನ್ ಮಿಷನ್ನಿಗೆ ಸೂಜಿಯೇ ಇಲ್ಲ ಕಣ್ರೇ" ಎಂದು ನಕ್ಕಳು. ನನಗೆ ಬಂದ ಸಿಟ್ಟಿಗೆ ಮಸಾಲೆ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದೆ. ಸೂಜಿ ಇರಲಿಲ್ಲ, ನಿಜ. ಆದರೆ ಅದನ್ನು ಹೇಳುವುದಕ್ಕೆ ಅವಳು ಯಾರು?

ವಿಷಯ ಮೇಡಂ ಕಿವಿಗೆ ಬಿತ್ತು. ಅವರು ಬೈಯಲಿಲ್ಲ. ಮಾರನೆಯ ದಿನ ತರಗತಿಗೆ ಬಂದು, "ಹಾಳೆ ವಿಶ್ವವಿದ್ಯಾಲಯದ್ದು. ಚಿತ್ರ ಬರೆದವರದ್ದು. ಅವರು ತೋರಿಸು ಅನ್ನದೆ ಅದು ಈ ಬಾಗಿಲು ದಾಟಬಾರದು" ಎಂದರು. ಪುಸ್ತಕದಲ್ಲಿ ಇದಕ್ಕೆ ಕಾನ್ಫಿಡೆನ್ಶಿಯಾಲಿಟಿ ಎಂಬ ಉದ್ದನೆಯ ಹೆಸರಿದೆ. ನನಗೆ ಅದು ಆ ಅರ್ಧ ದೋಸೆಯ ಜೊತೆಗೇ ನೆನಪಿದೆ. ಶೈಲಾ ಜೊತೆ ವಾರವಿಡೀ ಮಾತು ಬಿಟ್ಟಿದ್ದೆ. ಆಮೇಲೆ ಎಂಥ ಸ್ನೇಹವಾಯಿತೆಂದರೆ ಇವತ್ತಿಗೂ ರಂಜಾನಿಗೆ ಮೊದಲ ಫೋನು ಅವಳದೇ.

ಎರಡನೇ ವರ್ಷ ಫೀಲ್ಡ್ ಪ್ಲೇಸ್‌ಮೆಂಟ್, ಅಂದರೆ ಹೊರಗೆ ರೋಗಿಗಳ ನಡುವೆ ಕೆಲಸ ಕಲಿಯುವುದು. ಮಿಕ್ಕವರಿಗೆಲ್ಲ ದೊಡ್ಡ ದೊಡ್ಡ ಆಸ್ಪತ್ರೆಗಳು ಸಿಕ್ಕವು. ನನಗೆ ಸಿಕ್ಕಿದ್ದು ತುರುವೇಕೆರೆ. ಅಲ್ಲಿ ಒಂದು ಸೇವಾ ಸಂಸ್ಥೆ ವಾರಕ್ಕೊಮ್ಮೆ ಮಾನಸಿಕ ರೋಗಿಗಳ ಕೇಂದ್ರ ನಡೆಸುತ್ತಿತ್ತು. ತಿಪಟೂರಿನ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದೆಂದು ನನ್ನನ್ನು ಅಲ್ಲಿಗೆ ಹಾಕಿದ್ದರು. ಬೆಂಗಳೂರಿಗೆ ಹೋಗಿ ಕಲಿತು, ವಾಪಸು ಕೊಬ್ಬರಿ ನಾಡಿಗೇ ಬಂದೆನಲ್ಲ ಎಂದು ಮೊದಲ ದಿನ ಮುಖ ಊದಿಸಿಕೊಂಡೇ ಬಸ್ಸು ಹತ್ತಿದೆ.

ಕೇಂದ್ರವಿದ್ದುದು ಒಂದು ಹಳೆಯ ಕೊಬ್ಬರಿ ಗೋಡೌನಿನಲ್ಲಿ. ಕೊಬ್ಬರಿ ಖಾಲಿಯಾಗಿ ಎಷ್ಟೋ ವರ್ಷವಾಗಿದ್ದರೂ ಗೋಡೆಯಲ್ಲಿ ಎಣ್ಣೆಯ ಜಿಡ್ಡು, ಮೂಲೆ ಮೂಲೆಯಲ್ಲೂ ಅದರ ವಾಸನೆ. ಇವತ್ತಿಗೂ ಕೊಬ್ಬರಿ ವಾಸನೆ ಬಂದರೆ ನನಗೆ ಅಡುಗೆ ನೆನಪಾಗುವುದಿಲ್ಲ, ಡ್ರಾಯಿಂಗ್ ಶೀಟು ನೆನಪಾಗುತ್ತದೆ. ಬಾಗಿಲು ಮುಚ್ಚಿದ, ಸದ್ದಿಲ್ಲದ ಕೋಣೆಯಲ್ಲಿ ಸೆಷನ್ ನಡೆಸಬೇಕು ಎಂದು ಪುಸ್ತಕ ಹೇಳುತ್ತಿತ್ತು. ಇಲ್ಲಿ ಅರ್ಧ ಎಳೆದ ಶೆಟರಿನಡಿಯಿಂದ ಮೇಕೆಯೂ ಬರುತ್ತಿತ್ತು, ರೋಗಿಯ ಚಿಕ್ಕಪ್ಪನೂ ಬರುತ್ತಿದ್ದ. ನಾನು ತಂದ ಹೊಸ ಕ್ರೇಯಾನುಗಳನ್ನು ಯಾರೂ ಮುಟ್ಟಲಿಲ್ಲ. "ಹೊಸಾದು, ಸವೆದೋಯ್ತದೆ" ಎಂದು ಪೆಟ್ಟಿಗೆಯಲ್ಲೇ ಇಡುತ್ತಿದ್ದರು. ಕೊನೆಗೆ ಕರಟ ಸುಟ್ಟ ಇದ್ದಿಲು ತಂದಿಟ್ಟೆ. ಅದಕ್ಕೆ ಯಾರೂ ಹಿಂಜರಿಯಲಿಲ್ಲ.

ಜಯಮ್ಮ ಬಂದದ್ದು ಅಲ್ಲಿಗೆ. ಹೆಸರು ಬದಲಿಸಿದ್ದೇನೆ. ತುರುವೇಕೆರೆ ಹತ್ತಿರದ ಹಳ್ಳಿಯ ಸೊಸೆ, ತವರು ಕಂದಿಕೆರೆ. ಎರಡನೇ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಆವತ್ತಿನಿಂದ ಆಕೆ ಮಾತು ನಿಲ್ಲಿಸಿದ್ದರು. ಡಾಕ್ಟರು ಅದನ್ನು ಡಿಪ್ರೆಷನ್ ಎಂದು ಗುರುತಿಸಿ ಮಾತ್ರೆ ಕೊಟ್ಟಿದ್ದರು. ಊಟ, ನಿದ್ದೆ ಸರಿಹೋಗಿತ್ತು, ಮಾತು ಮಾತ್ರ ಬಂದಿರಲಿಲ್ಲ. ಜೊತೆಗೆ ಬರುತ್ತಿದ್ದವರು ಅತ್ತೆ ಪುಟ್ಟಮ್ಮ. ಒಳ್ಳೆಯ ಹೆಂಗಸು, ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಸೊಸೆ ಮಂಕಾದ ಮೇಲೆ ಮನೆಯ ಬೀಗದ ಕೈ, ಒಲೆ, ಸೊಸೆ ಯಾವ ಸೀರೆ ಉಡಬೇಕೆಂಬುದು, ಎಲ್ಲವನ್ನೂ ಅವರೇ ವಹಿಸಿಕೊಂಡಿದ್ದರು. ನಾಲ್ಕು ವರ್ಷದ ಮೊದಲ ಮಗಳೂ ರಾತ್ರಿ ಅವರ ಮಗ್ಗುಲಲ್ಲೇ ಮಲಗುತ್ತಿದ್ದಳು.

ಸೆಷನ್ನಿನಲ್ಲೂ ಅದೇ ಕಥೆ. ಜಯಮ್ಮ ಇದ್ದಿಲಿನಿಂದ ಒಂದು ಗೆರೆ ಎಳೆದರೆ ಸಾಕು, ಪುಟ್ಟಮ್ಮ ಬಗ್ಗಿ ನೋಡಿ, "ಇದೇನ್ ಮರವಾ? ಗರಿ ಎಲ್ಲವ್ವ? ಸುಳಿ ಕೊಳೆತಂಗದೆ. ತತ್ತಾ ಇಲ್ಲಿ" ಎಂದು ಇದ್ದಿಲು ಕಿತ್ತುಕೊಂಡು ತಾವೇ ಗರಿ ಎಳೆಯುತ್ತಿದ್ದರು. ಜಯಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ವಯಸ್ಸಿನಲ್ಲಿ ಅಷ್ಟು ದೊಡ್ಡವರನ್ನು ಆಚೆ ಹೋಗಿ ಅನ್ನುವುದು ಹೇಗೆ? ಮೇಡಂಗೆ ಫೋನು ಮಾಡಿ ಗೋಳಾಡಿದೆ. ಅವರು, "ಅವರಿಗೂ ಒಂದು ಹಾಳೆ ಕೊಡು" ಎಂದು ಫೋನಿಟ್ಟರು.

ಮುಂದಿನ ವಾರ ಗೋಡೌನಿನ ಆ ತುದಿಯಲ್ಲಿ ಪುಟ್ಟಮ್ಮನಿಗೆ ಚಾಪೆ ಹಾಕಿ, ಹಾಳೆ ಕೊಟ್ಟು, "ನಿಮ್ಮ ತೋಟ ಬರೀರಿ ಪುಟ್ಟಮ್ಮನೋರೇ" ಎಂದೆ. "ಅಯ್ಯೋ, ಈ ವಯಸ್ಸಲ್ಲಿ ನಂಗ್ಯಾಕೆ ಟೀಚರಮ್ಮ ಇಸ್ಕೂಲು?" ಎಂದವರು ಶುರು ಮಾಡಿದ ಮೇಲೆ ತಲೆಯೇ ಎತ್ತಲಿಲ್ಲ. ಮರಕ್ಕೆ ಮರ ಕೂರಿಸುತ್ತಾ, ತಮ್ಮಷ್ಟಕ್ಕೆ ಗೊಣಗುತ್ತಾ, ಬಸ್ಸಿನ ಹೊತ್ತು ಮರೆತರು. ಹೊರಡುವಾಗ ನಾನು, "ನೋಡಬಹುದಾ?" ಎಂದೆ. ಅವರು ಹಾಳೆಯನ್ನು ಸಣ್ಣಗೆ ಮಡಿಸಿ ಎಲೆ ಅಡಿಕೆ ಸಂಚಿಯೊಳಗೆ ತುರುಕಿ, "ಬುಡಿ ಟೀಚರಮ್ಮ, ಅದೇನ್ ಊರ್ಗೆಲ್ಲ ತೋರ್ಸೋದಾ" ಎಂದರು. ನಾನು ನಕ್ಕುಬಿಟ್ಟೆ. ಅಂತೂ ಆವತ್ತಿನಿಂದ ಜಯಮ್ಮನಿಗೆ ಬಿಡುವು ಸಿಕ್ಕಿತು.

ಆ ವಾರಗಳು ನನ್ನ ವಿದ್ಯಾರ್ಥಿ ಜೀವನದಲ್ಲೇ ಅತ್ಯಂತ ಸುಖದ ವಾರಗಳು. ಜಯಮ್ಮ ಎರಡನೇ ಹಾಳೆ ಕೇಳಲೇ ಇಲ್ಲ. ಪ್ರತಿ ವಾರವೂ ಅದೇ ಹಾಳೆ ಬಿಚ್ಚಿ, ಅದರ ಮೇಲೇ ಬರೆದು, ಸೆರಗಿನಿಂದ ಒರೆಸಿ, ಮತ್ತೆ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ, ಅಷ್ಟೇ. ಸಂಜೆ ಕೈಯೆಲ್ಲ ಮಸಿ ಮಾಡಿಕೊಂಡು ಅಂಗಡಿಗೆ ಹೋದರೆ ಅಬ್ಬಾ ಕುತೂಹಲ ತಡೆಯಲಾರದೆ, "ಏನೇನ್ ಬರೀತಾರಮ್ಮ ಅವ್ರು?" ಎಂದು ಕೇಳುತ್ತಿದ್ದರು. ಹೇಳುವ ಹಾಗಿಲ್ಲ ಎಂದೆ. ಕತ್ತರಿ ಕೆಳಗಿಟ್ಟು ಯೋಚಿಸಿ, "ಸರಿ ಬಿಡು. ನಾನೂ ಯಾರ ಸೊಂಟದ ಅಳತೆ ಯಾರಿಗೂ ಹೇಳಲ್ಲ" ಎಂದರು. ಕೋರ್ಸಿನ ಬಗ್ಗೆ ಅವರು ಗೌರವದಿಂದ ಆಡಿದ ಮೊದಲ ಮಾತು ಅದು.

ಗೌರಿ ಹಬ್ಬ ಹತ್ತಿರ ಬಂದಿತ್ತು. ಆ ವಾರ ಪುಟ್ಟಮ್ಮ ಚಾಪೆಯ ಮೇಲೆ ಕೂರಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದರು. ಮುಖ ಬಾಡಿತ್ತು. "ನನ್ ಮಗ ಹಟ ಹಿಡಿದವ್ನೆ ಟೀಚರಮ್ಮ. ಹಬ್ಬಕ್ಕೆ ಕಂದಿಕೆರೆಗೆ ಬುಟ್ಟು ಬಾ, ತಿರ್ಗ ಕರ್ಕೊಂಡ್ ಬರೋದ್ ಬ್ಯಾಡ, ಮಗೂ ಇಲ್ಲೇ ಇರ್ಲಿ ಅಂತಾನೆ. ಇವ್ಳು ಬರ್ದಿರೋದ್ನ ಕೊಡಿ. ಹುಷಾರಾಯ್ತಾವ್ಳೆ ನೋಡ್ಲಾ ಅಂತ ಅವನ್ ಮಕಕ್ಕೆ ಹಿಡೀತೀನಿ" ಎಂದರು.

ಹೆಣ್ಣುಮಕ್ಕಳು ಬಾಗಿನಕ್ಕೆಂದು ನಗುನಗುತ್ತಾ ತವರಿಗೆ ಹೋಗುವ ಹಬ್ಬ ಅದು. ಈ ಮನೆಯಲ್ಲಿ ಅದೇ ಹಬ್ಬವನ್ನು ಒಬ್ಬ ತಾಯಿಯಿಂದ ಮಗಳನ್ನು ಬಿಡಿಸಲು ಬಳಸುತ್ತಿದ್ದರು. ಹಾಳೆ ಕೇಂದ್ರದ ಅಲ್ಮೆರಾದಲ್ಲಿತ್ತು, ಬೀಗದ ಕೈ ನನ್ನ ಬಳಿಯೇ ಇತ್ತು. ಕೊಟ್ಟುಬಿಡೋಣ ಅನ್ನಿಸಿತು. ಒಂದು ಹಾಳೆ ತೋರಿಸಿ ಮಗು ತಾಯಿಗೆ ಉಳಿಯುವುದಾದರೆ ಮೇಡಂ ಹೇಳಿಕೊಟ್ಟ ಪಾಠ ಹಾಳಾಗಿ ಹೋಗಲಿ ಅನ್ನಿಸಿತು. ಅಲ್ಮೆರಾ ತೆಗೆದೆ. ಹಾಳೆ ಕೈಗೆ ಬಂದಾಗ ಯಾಕೋ ಕ್ಯಾಂಟೀನಿನ ಆ ನಗು ಕಿವಿಯಲ್ಲಿ ಕೇಳಿಸಿತು. ಮಡಿಸಿದ ಹಾಳೆಯನ್ನು ಹಾಗೇ ಜಯಮ್ಮನ ಮುಂದಿಟ್ಟು, "ಇದು ನಿಮ್ಮದು. ಅತ್ತೆಗೆ ಕೊಡಬೇಕಾ, ಬೇಡವಾ, ನೀವು ಹೇಳಬೇಕು" ಎಂದೆ.

"ಅವ್ಳೆಲ್ಲಿ ಹೇಳ್ತಾಳೆ ತಾಯಿ?" ಎನ್ನುತ್ತಾ ಪುಟ್ಟಮ್ಮ ಕೈ ಚಾಚಿದರು.

ಜಯಮ್ಮ ಹಾಳೆಯ ಮೇಲೆ ಅಂಗೈ ಊರಿದರು. "ಬುಡತ್ತೆ. ಅದು ನಂದು."

ದನಿ ಕಟ್ಟಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಪುಟ್ಟಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೊಂಟದ ಸಂಚಿಯ ಮೇಲಿಟ್ಟುಕೊಂಡರು. ಆ ಸಂಚಿಯೊಳಗೆ ಅವರದೇ ತೋಟ ಮಡಚಿಕೊಂಡು ಕೂತಿತ್ತಲ್ಲ. "ಹೂಂ ಕಣವ್ವ, ನಿಂದೇ. ಯಾರ್ ಇಲ್ಲಾ ಅಂದೋರು?" ಎಂದು ಅಲ್ಲೇ ನೆಲದ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಜಯಮ್ಮ ಇನ್ನೊಂದು ಮಾತು ಆಡಿದರು. "ಮಗೂನೂ ನಂದು. ಇವತ್ತಿಂದ ನನ್ ತಾವ ಮಲಗ್ಲಿ."

"ಮಲಗ್ಲಿ" ಎಂದರು ಪುಟ್ಟಮ್ಮ. ಹಾಳೆಯನ್ನು ಜಯಮ್ಮ ತಾವೇ ಹಿಡಿದು ಬಸ್ಸು ಹತ್ತಿದರು. ಆ ವರ್ಷ ಗೌರಿ ಹಬ್ಬಕ್ಕೆ ಮಗಳನ್ನು ಕರೆದುಕೊಂಡೇ ಕಂದಿಕೆರೆಗೆ ಹೋದರು, ಮಗಳನ್ನು ಕರೆದುಕೊಂಡೇ ಬಂದರು. ಎರಡು ದಿನ ಹೆಚ್ಚಿಗೆ ಉಳಿದರೆಂದು ಪುಟ್ಟಮ್ಮ ಕೇಂದ್ರಕ್ಕೆ ಬಂದು ನನ್ನೆದುರಿಗೇ ಬೈದರು; ಸೊಸೆಯೂ ತಿರುಗಿ ಜವಾಬು ಕೊಟ್ಟರು. ಗಂಡನನ್ನು ದಾರಿಗೆ ತರಲು ಆಮೇಲೂ ತಿಂಗಳುಗಳೇ ಹಿಡಿದವು. ಆದರೆ ಆ ಮನೆಯಲ್ಲಿ ಈಗ ಅವನಿಗೆ ಎದುರಾಗಿ ಇಬ್ಬರಿದ್ದರು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕೇಸ್ ರಿಪೋರ್ಟನ್ನು ಹಿಂದೆ ಮುಂದೆ ತಿರುವಿ, "ಚಿತ್ರ ಎಲ್ಲಮ್ಮ?" ಎಂದರು.

"ಬರೆದವರು ಮನೆಗೆ ಒಯ್ದರು, ಸರ್."

"ಫೋಟೋನಾದರೂ?"

"ಕೇಳಿದೆ, ಸರ್. ಬೇಡ ಅಂದರು."

ಅವರು ಅಂಕ ಧಾರಾಳವಾಗಿಯೇ ಕತ್ತರಿಸಿದರು. ಅಳು ಬರುವಂತಾಗಿ ಹೊರಗೆ ಬಂದರೆ ಬಾಗಿಲಲ್ಲಿ ಮೇಡಂ ನಿಂತಿದ್ದರು. "ಬಾ, ಆವತ್ತಿನ ಅರ್ಧ ದೋಸೆ ಬಾಕಿ ಇದೆ" ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಶೈಲಾ ಮೊದಲೇ ಹೋಗಿ ಮೂವರಿಗೂ ಜಾಗ ಹಿಡಿದಿದ್ದಳು.

ಈಗ ನಾನೇ ಪಾಠ ಮಾಡುತ್ತೇನೆ. ಇದನ್ನು ಬರೆಯುವ ಮುಂಚೆ ಜಯಮ್ಮನನ್ನು ಕೇಳಿದೆ. "ಬರ್ಕಳಿ ಟೀಚರಮ್ಮ, ಚಿತ್ರದ್ದೊಂದ್ ಬ್ಯಾಡ" ಎಂದರು. ಪ್ರತಿ ವರ್ಷ ಹೊಸ ಬ್ಯಾಚಿಗೆ ಈ ಕೇಸು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಆ ಹಾಳೇಲಿ ಏನಿತ್ತು?"

ಅಷ್ಟು ವಾರ ಪಕ್ಕದಲ್ಲೇ ಕೂತು ನೋಡಿದವಳು ನಾನು. ಒಂದೊಂದು ಗೆರೆಯೂ ನೆನಪಿದೆ. ಅದು ಜಯಮ್ಮನದು.