ಮುಳ್ಳು ಹಾಕಿದ ಬಾಗಿಲಿಗೆ ಊರಮ್ಮ ನನ್ನನ್ನು ನಡೆಸಿದ್ದು

ತಾಯಿ ಊರಮ್ಮನನ್ನು ನಂಬಿದ ಎಲ್ಲರಿಗೂ ಶರಣು. ನನ್ನ ತಂಗಿ ಶಾಂತಾ ತೀರಿಕೊಂಡದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಹಡಗಲಿಯ ನಮ್ಮ ಮನೆಯಲ್ಲೇ, ಕಾಮಾಲೆಯಿಂದ. ನಾವಿಬ್ಬರೂ ಮದುವೆಯಾದವರಲ್ಲ. ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿ ನಿವೃತ್ತಳಾದವಳು. ಅವಳು ಮನೆಯಲ್ಲಿ ಹೊಲಿಗೆ ಹೊಲಿಯುತ್ತಿದ್ದಳು.

ಮಣ್ಣು ಮಾಡಿ ಬಂದ ಕೂಡಲೇ ಪಂಚಾಂಗದವನು ಬೆರಳೆಣಿಸಿ, ಕೆಟ್ಟ ನಕ್ಷತ್ರದಲ್ಲಿ ಜೀವ ಹೋಗಿದೆ, ಮೂರು ತಿಂಗಳು ಮನೆ ಬಿಡಬೇಕು ಎಂದ. ಬಾಗಿಲಿಗೆ ಕೀಲಿ ಹಾಕಿ ಜಾಲಿ ಮುಳ್ಳು ಅಡ್ಡ ಇಟ್ಟರು. ನನಗೆ ನಿಯಮವೆಂದರೆ ನಿಯಮ. ಕೂಡ್ಲಿಗಿಯಲ್ಲಿದ್ದ ಚಿಕ್ಕಪ್ಪನ ಮಗ ಬಸಣ್ಣನ ಮನೆ ಸೇರಿದೆ. ಶಾಂತಾ ನನಗಾಗಿ ಹೊಲಿದ ಕುಪ್ಪಸ, ಹುಕ್ಕು ಹಚ್ಚುವುದೊಂದೇ ಬಾಕಿಯಿದ್ದದ್ದು, ಮಷಿನ್ನಿನ ಮೇಲೆ ಹಾಗೆಯೇ ಉಳಿಯಿತು.

ಗಡುವು ಮುಗಿದ ದಿನ ಮೊದಲ ಬಸ್ಸು ಹತ್ತಿ, ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹಡಗಲಿಗೆ ಬಂದೆ. ಮುಳ್ಳಿನ ಮುಂದೆ ನಿಂತೆ. ಕೈ ಏಳಲಿಲ್ಲ. ಮರಳಿ ಹೋಗಿ, ಕೀಲಿ ತುಕ್ಕು ಹಿಡಿದಿದೆ ಎಂದು ಬಸಣ್ಣನಿಗೆ ಹೇಳಿದೆ. ಹೀಗೆಯೇ ಮಳೆಗಾಲ ಕಳೆಯಿತು. ನಿದ್ದೆ ಹೋಯಿತು, ಊಟ ಸೇರದಾಯಿತು. ಆ ಬಾಗಿಲು ತೆರೆಯದೆ ಪರರ ಮನೆಯಲ್ಲೇ ಸಾಯುತ್ತೇನೆ ಎನಿಸಿತು.

ಆಗ ನನಗೆ ಸಿಕ್ಕ ಸಮಾಧಾನದ ಮಾತುಗಳನ್ನು ದನದ ಮುಂದೆಯೂ ಹಾಕಬಾರದು. ಒಬ್ಬಳು ಎರಡನೆಯ ಲೋಟ ಚಹಾ ಕೇಳಿ ಪಡೆದು, ಹುಟ್ಟಿದವರು ಸಾಯಲೇಬೇಕು ಎಂದಳು. ನಾನು ಕೇಳಿರದ ಸುದ್ದಿ. ಇನ್ನೊಬ್ಬಳು ಕೊರಳಿಗೆ ಬಿದ್ದು ಅತ್ತು, ಮೂಗು ಒರೆಸಿಕೊಳ್ಳುವ ಮೊದಲೇ ಹೊಲಿಗೆ ಮಷಿನ್ ಯಾರಿಗೆ ಎಂದು ವಿಚಾರಿಸಿದಳು. ತಾಯಿತ ಕಟ್ಟಲು ಬಂದವನನ್ನು ಮೊದಲು ನಿನ್ನ ಉಗುರು ಕತ್ತರಿಸಿಕೊಂಡು ಬಾ ಎಂದು ಅಟ್ಟಿದೆ. ಬಸಣ್ಣ ಮಾತ್ರ ನೇರವಾಗಿ ಹೇಳಿದ.

"ಅಕ್ಕಾ, ನಿನಗ ಮನಸ್ಸಿನ ಡಾಕ್ಟರ್ ಬೇಕು ನೋಡು."

"ನನಗ ಹುಚ್ಚು ಹಿಡದೈತಿ ಅಂತ ತಿಳದಿಯೇನಲೇ?" ಎಂದು ಗದರಿದೆ.

ಒಂದು ಮಂಗಳವಾರ ಕೂಡ್ಲಿಗಿಯ ಊರಮ್ಮನ ಗುಡಿಗೆ ಹೋಗಿ, ತಾಯೀ, ಆ ಮನೆಯೊಳಗೆ ಹೋಗುವ ಕಾಲು ಕೊಡು, ಇಲ್ಲವೇ ಕರೆದುಕೋ ಎಂದು ಬೇಡಿದೆ. ನಮಸ್ಕರಿಸಿ ಏಳುವಾಗ ತಲೆ ತಿರುಗಿ ಬಿದ್ದೆ. ಪೂಜಾರಿಯ ಹೆಂಡತಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಬಿ.ಪಿ. ನೋಡಿ, ನಿದ್ದೆಯಿಲ್ಲದ್ದನ್ನು ಕೇಳಿ, ದುಃಖದಲ್ಲಿರುವವರ ಜೊತೆ ಮಾತಾಡಲು ಜಿಲ್ಲೆಯಿಂದ ತಿಂಗಳಿಗೊಮ್ಮೆ ಒಬ್ಬರು ಬರುತ್ತಾರೆ, ಇವತ್ತೇ ಬಂದಿದ್ದಾರೆ ಎಂದು ಪಕ್ಕದ ಕೋಣೆಗೆ ಕಳುಹಿಸಿದರು.

ನೋಡಿದರೆ ಸಣ್ಣ ಹುಡುಗಿ. ನನ್ನ ಹಾಸ್ಟೆಲ್ಲಿನಲ್ಲಿದ್ದರೆ ಜಡೆ ಬಿಗಿಯಾಗಿ ಹಾಕಿಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸುತ್ತಿದ್ದೆ. ಇವಳೂ ಹುಟ್ಟಿದವರು ಸಾಯಲೇಬೇಕು ಎನ್ನಲಿ, ಎದ್ದು ಹೋಗೋಣ ಎಂದು ಕಾಯುತ್ತ ಕುಳಿತೆ. ಅವಳು ಕೇಳಿದ್ದು ಬೇರೆಯೇ.

"ನಿಮ್ಮ ತಂಗಿ ನಿಮಗ ಹೆಂಗ ಬೈತಿದ್ರು, ಅಮ್ಮಾರ?"

ಅದುವರೆಗೆ ಎಲ್ಲರೂ ಶಾಂತಾ ಹೇಗೆ ಸತ್ತಳೆಂದೇ ಕೇಳಿದ್ದರು.

"ಹಾಸ್ಟೆಲ್ಲಿನಂಗ ನಾ ಮನ್ಯಾಗೂ ಮುಂಜಾನಿ ಐದಕ್ಕ ಗಂಟಿ ಬಾರಸ್ತಿದ್ದೆ. 'ಅಕ್ಕಾ, ಯಮ ಬಂದ್ರೂ ನಿನ್ನ ಗಂಟಿ ಹೊಡದ ಮ್ಯಾಲ ಒಳಗ ಬರಬೇಕು ನೋಡು' ಅಂತಿದ್ದಳು."

ಹೇಳುತ್ತ ನಕ್ಕೆ. ನಗು ಮುಗಿಯುವಷ್ಟರಲ್ಲಿ ಅಳು ಬಂತು. ಹುಡುಗಿ ನನ್ನನ್ನು ಸುಮ್ಮನಿರಿಸಲಿಲ್ಲ. ಜೊತೆಗೆ ಕುಳಿತಿದ್ದಳು, ಅಷ್ಟೇ.

ಮುಂದಿನ ತಿಂಗಳುಗಳಲ್ಲೂ ಹೋದೆ, ಹೇಳಿದ ಹೊತ್ತಿಗಿಂತ ಮೊದಲೇ. ಬಾಗಿಲು ತೆರೆಯಿರಿ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಮುಳ್ಳು ತೆಗೆದು ಬನ್ನಿ, ಸದ್ಯಕ್ಕೆ ಸಾಕು ಎಂದಳು. ಅಷ್ಟೇ ಮಾಡಿ ಬಂದೆ. ಮತ್ತೊಂದು ಸಲ ಹೋದಾಗ ಕೀಲಿ ತೆಗೆದು ಒಳಗೆ ಹೋದೆ. ಮಷಿನ್ನಿನ ಪಕ್ಕ ಕುಳಿತು, ಶಾಂತಾಳ ಗುಣಗಳನ್ನು ಹಾಡಿಕೊಂಡು ಅತ್ತೆ. ಆಮೇಲೆ ಎದ್ದು ಕಸ ಗುಡಿಸಿದೆ. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದೇನೆ.

ನೀನು ಬಿದ್ದದ್ದು ಬಿ.ಪಿ.ಯಿಂದ ಎನ್ನುತ್ತಾನೆ ಬಸಣ್ಣ. ಆ ಹುಡುಗಿ ಬಂದ ದಿನವೇ ಬಿ.ಪಿ. ಏರಿಸಿದವರು ಯಾರು ಎಂದು ನಾನು ಕೇಳುತ್ತೇನೆ. ಸತ್ತವರ ಮನೆಗೆ ಬುದ್ಧಿ ಹೇಳಲು ಹೊರಡುವವರೇ, ನಾಲಿಗೆ ನಿಮ್ಮ ಮನೆಯಲ್ಲೇ ಇರಲಿ, ಕಿವಿ ಮಾತ್ರ ಒಯ್ಯಿರಿ.

ತಾಯಿಗೆ ಉಡಿ ತುಂಬಲು ಆ ಕುಪ್ಪಸವನ್ನೇ ತೊಟ್ಟು ಹೋದೆ, ಹುಕ್ಕಿನ ಜಾಗದಲ್ಲಿ ಪಿನ್ನು ಚುಚ್ಚಿಕೊಂಡು. ಗುಡಿಯಲ್ಲಿ ಹೆಂಗಸರು ನಕ್ಕರು. ಇಷ್ಟು ಶಿಸ್ತಿನವಳಿಗೆ ಹುಕ್ಕು ಹಚ್ಚಲು ಬರುವುದಿಲ್ಲವೇ ಎಂದರು. ಬರುತ್ತದೆ. ಆದರೆ ಆ ಕೆಲಸ ಶಾಂತಾಳದು. ಊರಮ್ಮನಿಗೆ ಅದು ತಿಳಿದಿದೆ.