ಮಗ್ಗದ ಸದ್ದಿನಲ್ಲಿ ಹೊಂದಿಸಿದ ದನಿ

ಆ ದಿನ ನಸುಕಿನಲ್ಲಿ ನಳದ ನೀರು ತುಂಬಿದೆ. ಅಂಗಳ ಸಾರಿಸಿದೆ. ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಿ ಬುಟ್ಟಿಯಲ್ಲಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮಧ್ಯಾಹ್ನ ಎಲ್ಲರ ಊಟ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಂಪ್ಯೂಟರಿನ ಖೋಲಿಗೆ ಹೋದರೆ ನನ್ನ ಕುರ್ಚಿಯಲ್ಲಿ ನಾದಿನಿ ಕೂತಿದ್ದಳು.

ಬನಹಟ್ಟಿಯ ನಮ್ಮ ಮನೆಗೆ ಆ ಕಂಪ್ಯೂಟರು ಬಂದದ್ದು ಸೀರೆಯ ಅಂಚಿನ ಡಿಸೈನು ಬಿಡಿಸಲಿಕ್ಕೆ. ಊಟವಾದ ಮೇಲೆ ಒಂದಿಷ್ಟು ಹೊತ್ತು ನನ್ನ ಮನೆಯವರು ಅದರಲ್ಲಿ ಹಳೆಯದೊಂದು ಆಟ ಆಡುತ್ತಿದ್ದರು. ಕೋಟೆಯೊಳಗೆ ಕೀಲಿ ಹುಡುಕುವ ಆಟ. ಕೀಲಿಯ ಸುಳಿವು ಅಲ್ಲಿಯ ಕಾವಲುಗಾರರ, ದಾಸಿಯರ ಮಾತಿನಲ್ಲಿ ಸಿಗಬೇಕು. ಮಾತು ಹಿಂದಿಯದು; ಸೀರೆ ವ್ಯಾಪಾರಕ್ಕೆ ಸೊಲ್ಲಾಪುರ, ಇಚಲಕರಂಜಿ ಓಡಾಡಿದ ಇವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಆದರೆ ಆಟದ ಹಿನ್ನೆಲೆ ವಾದ್ಯದ ಅಬ್ಬರದಲ್ಲಿ ಒಂದು ಮಾತೂ ಕೇಳುತ್ತಿರಲಿಲ್ಲ. ಪರದೆಯ ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ ಮೂಡುತ್ತಿತ್ತು, ಇವರಿಗೆ ಅದು ಓದಲು ಬಾರದು. ಪಿಯುಸಿ ಓದಿದ ನಾನು ಪಕ್ಕದಲ್ಲಿ ಕೂತು ಅದನ್ನು ಓದಿ ಹೇಳುತ್ತಿದ್ದೆ.

"ಏನಂದ್ಲು ಆಕಿ?" ಎಂದು ಇವರು ನನ್ನ ಕಡೆ ವಾಲುತ್ತಿದ್ದರು.

ಅತ್ತೆ, ಮಾವ, ಮೈದುನರಿದ್ದ ಮನೆಯಲ್ಲಿ ಹಗಲು ಹೊತ್ತು ಗಂಡನ ಪಕ್ಕ ಕೂರಲು ನನಗಿದ್ದ ನೆಪ ಅದೊಂದೇ.

ನಾದಿನಿ ಬೀಳಗಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವವಳು, ತವರಿಗೆಂದು ಬಂದಿದ್ದಳು.

"ವೈನೀ, ಇಷ್ಟ ದಿನಾ ಓದಿ ಓದಿ ಹೇಳತಿದ್ರೇನು? ಇದರಾಗ ವಾದ್ಯಾದ ಸೌಂಡ್ ಬ್ಯಾರೆ, ಮಾತಿನ ಸೌಂಡ್ ಬ್ಯಾರೆ ಐತ್ರಿ. ಒಂದು ಇಳಸೂದು, ಒಂದು ಏರಸೂದು. ಆತು."

"ನನ್ನ ತಂಗಿ ಭಾಳ ಶಾಣ್ಯಾಕಿ," ಎಂದರು ಇವರು. ನನಗೆ ಜಾಣೆ ಎಂದು ಒಂದು ದಿನವೂ ಅಂದವರಲ್ಲ.

ಗೋಡೆಯಾಚೆಯ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಆ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿದೆಯೆಂದರೆ ಅದು ಇದೆ ಎಂಬುದೇ ಮರೆತಿರುತ್ತದೆ. ಅವಳೂ ಮರೆತಳು, ಸ್ಪಷ್ಟವಾಗಿ ಕೇಳುವ ತನಕ ಮಾತಿನ ದನಿ ಏರಿಸುತ್ತ ಹೋದಳು. ಸಂಜೆ ಮಗ್ಗ ನಿಂತ ಮೇಲೆ ಇವರು ಮತ್ತೆ ಆಟ ಹಚ್ಚಿದ್ದೇ ತಡ, ಕೋಟೆಯ ದಾಸಿ ಓಣಿಗೆಲ್ಲ ಕೇಳುವಂತೆ ಒದರಿದಳು. ಎದುರು ಮನೆಯ ಮುದುಕಿ ಓಡಿ ಬಂದಳು.

"ಯವ್ವಾ, ಅತ್ತಿ ಸೊಸಿ ಜಗಳಾಡಾಕತ್ತೀರೇನು? ಅದೂ ಹಿಂದ್ಯಾಗ!"

ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. "ಶಾಣ್ಯಾಕಿ ಮಾಡಿದ ಕೆಲಸ ನೋಡ್ರಿ," ಎಂದೆ.

ನಾದಿನಿಗೆ ಅದು ನಾಟಲೇ ಇಲ್ಲ. "ಮಗ್ಗ ಬಂದ್ ಆದಮ್ಯಾಲೆ ಹೊಂದಸಬೇಕಿತ್ತು ಬಿಡ್ರಿ," ಎಂದು ತಾನೂ ನಗುತ್ತ ಮಾತಿನ ದನಿ ಇಳಿಸಿದಳು, ವಾದ್ಯದ್ದು ಇನ್ನೂ ಇಳಿಸಿದಳು. ಈಗ ಕಾವಲುಗಾರ ನಮ್ಮ ಪಡಸಾಲೆಯಲ್ಲೇ ಕೂತು ಮಾತಾಡಿದಂತೆ ಕೇಳಿಸಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಇವರು ಒಂದು ಸಲವೂ "ಏನಂದ್ಲು" ಎಂದು ಕೇಳಲಿಲ್ಲ. ಅಣ್ಣ ತಂಗಿ ಕೂಡಿ ಕೀಲಿ ಹುಡುಕಿದರು. ನಾನು ಅಡುಗೆಮನೆಗೆ ಹೋಗಿ ಹಿಟ್ಟು ನಾದಲು ಕೂತೆ.

ರೊಟ್ಟಿ ಬಡಿಯುವಾಗ ಹೊಳೆಯಿತು: ಇಷ್ಟು ಮೆಲ್ಲನೆಯ ದನಿ ನಾಳೆ ಮಧ್ಯಾಹ್ನ, ಮಗ್ಗ ಓಡುವಾಗ, ಕೇಳುವುದಿಲ್ಲ. ಇವರು ಆಡುವುದು ಹೆಚ್ಚಾಗಿ ಮಧ್ಯಾಹ್ನವೇ; ಆಗ ಮತ್ತೆ ನಾನೇ ಓದಿ ಹೇಳಬೇಕು. ಯಾರಿಗೂ ಹೇಳಲಿಲ್ಲ.

"ಬೀಳಗಿ ಬಸ್ಸು ಮುಂಜಾನಿ ಎಷ್ಟಕ್ಕ ಐತಿ?" ಎಂದಷ್ಟೇ ನಾದಿನಿಯನ್ನು ಕೇಳಿದೆ.

"ಇನ್ನ ನಾಕ ದಿನಾ ಇರ್ತೀನ್ರಿ ವೈನಿ!"

ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಚಟ್ನಿ ಉಂಡೆವು. "ತಂಗಿಗಿ ತುಪ್ಪಾ ಹಾಕು," ಎಂದರು ಇವರು, ಹಾಕಿದೆ. ಎಲ್ಲರಿಗಿಂತ ಮೊದಲು ನಿಶ್ಚಿಂತೆಯಿಂದ ನಿದ್ದೆ ಹೋದವಳೂ ನಾದಿನಿಯೇ.