ಚಕ್ರದ ಮನೆಯ ಬಚ್ಚಲ ನೀರು

ನಮ್ಮ ಪಕ್ಕದ ಮನೆ ಬೆಳಿಗ್ಗೆ ಎದ್ದು ಹೊರಟುಹೋಯಿತು. ಮನೆಯವರಷ್ಟೇ ಅಲ್ಲ, ಮನೆಯೇ. ಚಹಾ ಹಿಡಿದು ಬಾಗಿಲಿಗೆ ಬಂದರೆ ನಿನ್ನೆ ಗೋಡೆ ಇದ್ದ ಕಡೆ ಸಮುದ್ರ ಕಾಣುತ್ತಿತ್ತು. ಸಿಮೆಂಟಿನ ಹಾಸಿನ ಮೇಲೆ ಒಂದು ಒಂಟಿ ಚಪ್ಪಲಿ ಉಳಿದಿತ್ತು.

ಇದನ್ನು ಓದಿದ ನನ್ನ ಹೆಂಡತಿ ಶಾಂತಾ, “ಚಪ್ಪಲಿ ಎಲ್ಲಿತ್ರಿ ಅಲ್ಲೆ? ನೀವ ತಂದ್ ಇಟ್ಟೀರಿ,” ಎಂದಳು. ಇರಬಹುದು. ಖಾಲಿ ಜಾಗ ಕಂಡರೆ ನನ್ನ ನೆನಪು ಏನಾದರೊಂದನ್ನು ತಂದು ಇಡುತ್ತದೆ. ಚಪ್ಪಲಿ ಬಿಡಿ. ಸಮುದ್ರ ಮಾತ್ರ ಖರೆ.

ಇದು ಅಮೆರಿಕದ ಟೆಕ್ಸಸ್ ಕರಾವಳಿ. ಅಡುಗೆಕಟ್ಟೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊತ್ತ ಚಕ್ರದ ಮನೆಗೆ ಇಲ್ಲಿ ಆರ್‌ವಿ ಎನ್ನುತ್ತಾರೆ. ಅಂಥವು ಸಾಲಾಗಿ ನಿಲ್ಲುವ ಜಾಗ ಆರ್‌ವಿ ರೆಸಾರ್ಟ್. ಚಳಿಗಾಲ ಕಳೆಯಲು ಉತ್ತರದಿಂದ ಬರುವ ನಮ್ಮಂಥ ಮುದುಕರು ‘ಸ್ನೋಬರ್ಡ್’ಗಳು, ಹಿಮದ ಹಕ್ಕಿಗಳು. ನಮ್ಮ ಗೂಡು ಕೆನಡಾದ ವಿನಿಪೆಗ್. ಶಾಂತಾ ಅಲ್ಲಿ ನರ್ಸ್ ಆಗಿ ದುಡಿದಳು. ವಿಜಯಪುರ ಜಿಲ್ಲೆಯ ನನ್ನೂರು ಆಲಮೇಲದಿಂದ ಅವಳ ಬೆನ್ನು ಹತ್ತಿ ಹೋದ ನಾನು ಶಾಲೆಯ ಬಸ್ಸು ಓಡಿಸಿದೆ.

ವಿನಿಪೆಗ್‌ನ ಚಳಿ ಅವಳ ಎದೆ ಹಿಡಿಯತೊಡಗಿದ್ದು ನನಗೆ ಗೊತ್ತಾದದ್ದು ಅವಳ ಬೈಗುಳದಿಂದ. ಶಾಂತಾ ಇಂಡಿ ತಾಲೂಕಿನ ಅಗರಖೇಡದವಳು. ಬೈಯಲು ನಿಂತರೆ ನಡುವೆ ಎಲ್ಲೂ ಪೂರ್ಣವಿರಾಮ ಇರುತ್ತಿರಲಿಲ್ಲ. ಈಚಿನ ಚಳಿಗಾಲಗಳಲ್ಲಿ “ಟೊಪಗಿ... ಹಾಕ್ಕೊಂಡ್... ಹೋಗ್ರಿ,” ಎನ್ನುವುದರೊಳಗೆ ಗೋಡೆ ಹಿಡಿಯುತ್ತಿದ್ದಳು. ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಉಳಿದರ್ಧ ಕೇಳಿಸದಿರುವುದು ನನ್ನನ್ನು ಹೆದರಿಸಿತು.

ಊರಿಗೇ ಬರಬಹುದಿತ್ತಲ್ಲ ಎನ್ನುತ್ತೀರಿ. ಬಂದಿದ್ದೆವು. ಅದು ತೊಗರಿ ರಾಶಿಯ ಹೊತ್ತು. ಮಷೀನು ಎಬ್ಬಿಸಿದ ಧೂಳು ಅಗರಖೇಡದ ಮೇಲೆ ನಿಂತುಬಿಟ್ಟಿತ್ತು. ತವರಿಗೆ ಬಂದವಳು ತವರು ನೋಡುವ ಮೊದಲೇ ವಿಜಯಪುರದ ಆಸ್ಪತ್ರೆ ಸೇರಿದಳು. ಹುಟ್ಟಿದ ಊರೂ ಬೇಡ ಎಂದಿತು, ದುಡಿದ ಊರೂ ಬೇಡ ಎಂದಿತು. ಹೀಗಾಗಿ ಪರಿಚಯದವರೊಬ್ಬರ ಹಳೆಯ ಆರ್‌ವಿ ಹಿಡಿದು ಈ ದಂಡೆಗೆ ಬಂದೆವು.

ಆಲಮೇಲಕ್ಕೂ ಚಳಿಗಾಲದಲ್ಲಿ ಜನ ಬರುತ್ತಿದ್ದರು. ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಕೊಯ್ತಾ ಎಂಬ ಕತ್ತಿಗಳೊಂದಿಗೆ ಚಕ್ಕಡಿ ಕಟ್ಟಿಕೊಂಡು ಬಂದು, ಹೊಲದ ಅಂಚಿಗೆ ಗುಡಿಸಲು ಹಾಕಿ, ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇಲ್ಲವಾಗುತ್ತಿದ್ದರು. ಈಗ ನಾವೇ ಬಾಗಿಲ ಮುಂದೆ ಮಡಚುವ ಕುರ್ಚಿ ಹಾಕಿ ಕೂತಿದ್ದೇವೆ. “ನಾವೂ ಟೋಳಿಯವರ ಆದ್ವಿ ನೋಡ್ರಿ,” ಎನ್ನುತ್ತಾಳೆ ಶಾಂತಾ. “ಕೊಯ್ತಾ ಇಲ್ಲ, ಕೆಲಸಾ ಇಲ್ಲ, ಬರೇ ಉಣ್ಣೂ ಟೋಳಿ.”

ಇಲ್ಲಿಯವರು ದಾರಿಯಲ್ಲಿ ಎದುರಾದರೆ ಎಲ್ಲರಿಗೂ ಕೈ ಬೀಸುತ್ತಾರೆ, ಒಳಗೆ ಮಾತ್ರ ಯಾರನ್ನೂ ಕರೆಯುವುದಿಲ್ಲ. ಶಾಂತಾ ರೊಟ್ಟಿ ಬಡಿದರೆ ನಮ್ಮ ಮನೆ ಗಾಲಿಗಳ ಮೇಲೆ ಅಲುಗುತ್ತದೆ. ಗಾಳಿ ಬೆಚ್ಚಗಿದೆ, ಉಪ್ಪುಪ್ಪಾಗಿದೆ. ವಾರದೊಳಗೆ ಅವಳು ದಂಡೆಯವರೆಗೂ ನಡೆದು ಬಂದಳು, ಎಲ್ಲೂ ಕೂರದೆ.

ಆಗ ಬಂತು ನೀರಿನ ಫಜೀತಿ.

ನಮ್ಮ ಸಾಲಿನಲ್ಲಿ ಗಟಾರ ಇಲ್ಲ. ಬಚ್ಚಲ ಮತ್ತು ಪಾತ್ರೆ ತೊಳೆದ ನೀರು ಗಾಡಿಯ ಹೊಟ್ಟೆಯಲ್ಲಿರುವ ಟಾಕಿಗೆ ಇಳಿಯುತ್ತದೆ, ಕಕ್ಕಸಿನದು ಬೇರೆ ಟಾಕಿಗೆ. ವಾರಕ್ಕೊಮ್ಮೆ ‘ಹನಿ ವ್ಯಾಗನ್’ ಎಂಬ ಟ್ಯಾಂಕರ್ ಬಂದು ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಹನಿ ಎಂದರೆ ಜೇನುತುಪ್ಪ. ಹೊಲಸಿಗೆ ಇವರು ಇಟ್ಟ ಹೆಸರು ಅದು. ನಮ್ಮ ಬಚ್ಚಲ ಟಾಕಿಗೆ ಪೈಪು ಹಾಕಿದಾಗಲೆಲ್ಲ ಬರೀ ಗಾಳಿ ಬಂತು. ರೆಸಾರ್ಟ್ ನೋಡಿಕೊಳ್ಳುವ ಡಯೇನ್ ಎಂಬ ಹೆಂಗಸು ನಮ್ಮ ಬಾಗಿಲಿಗೆ ಬಂದಳು.

“ನಿಮ್ಮ ಟಾಕಿ ಸೋರುತ್ತಿದೆ. ಇಲ್ಲಿ ನೆಲಕ್ಕೆ ಬಿದ್ದದ್ದು ಸಮುದ್ರಕ್ಕೆ ಹೋಗುತ್ತದೆ. ಸೋರುವ ಗಾಡಿಯನ್ನು ನಾನು ಇಟ್ಟುಕೊಳ್ಳಲಾರೆ. ನೀವು ಹೊರಡಬೇಕು.”

ಎಲ್ಲಿಗೆ? ಉತ್ತರದಲ್ಲಿ ಹಿಮ ಬೀಳುತ್ತಿತ್ತು.

ಟಾಕಿ ಖಾಲಿ ಇದ್ದದ್ದು ಏಕೆಂದು ನಮಗೆ ಗೊತ್ತಿತ್ತು. ನಮ್ಮ ಜಾಗದ ಮೂಲೆಯಲ್ಲಿ ಯಾರೋ ಬಿಟ್ಟುಹೋದ, ಅರ್ಧ ಒಣಗಿದ ನಿಂಬೆಗಿಡವಿತ್ತು. ಅಗರಖೇಡದ ಮಗಳ ಕಣ್ಣಿಗೆ ಅದು ಬಿದ್ದ ಮೇಲೆ ಕೇಳಬೇಕೆ? ತೊಟ್ಟಿಯಲ್ಲಿ ನಿಂತು ಸ್ನಾನ ಮಾಡುವುದು, ಬೋಗುಣಿಯಲ್ಲಿ ಪಾತ್ರೆ ತೊಳೆಯುವುದು, ಎಲ್ಲವನ್ನೂ ಬಕೆಟ್ಟಿಗೆ ಸುರಿದು ಗಿಡಕ್ಕೂ ಸುತ್ತಲಿನ ಹುಲ್ಲಿಗೂ ಹಾಕುವುದು. ನೀರನ್ನು ಒಂದೇ ಸಲ ಬಳಸಿ ಬಿಡುವುದು ಅವಳ ಕೈಗೆ ಬರುವುದಿಲ್ಲ. ಅದನ್ನು ಯಾರಾದರೂ ತಪ್ಪು ಎನ್ನಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

“ಹೇಳ್ರಿ ಆಕಿಗೆ, ಟಾಕಿ ಸೋರಂಗಿಲ್ಲ, ನಾನ ಸುರೀತೇನಿ ಅಂತ.”

“ಹೇಳಿದ್ರ ಹೊರಗ ಹಾಕ್ತಾರ.”

“ಹೇಳ್ದಿದ್ರೂ ಹಾಕಾಕತ್ತಾರಲ್ರಿ. ಹೇಳೇ ಹೋಗೂಣಂತ.”

ನಾನೇ ಹೇಳಿದೆನೆಂದು ನನ್ನ ನೆನಪು. ಶಾಂತಾ ಪ್ರಕಾರ ನಾನು ಆಕಾಶದಲ್ಲಿ ಹಕ್ಕಿ ಎಣಿಸುತ್ತಿದ್ದೆ, ಹೇಳಿದವಳು ಅವಳು. ಎರಡೂ ಇರಲಿ. ಡಯೇನ್ ಬಕೆಟ್ಟು ನೋಡಿದಳು, ಗಿಡ ನೋಡಿದಳು.

“ಸ್ನಾನದ ನೀರನ್ನೂ ಹೊತ್ತುಕೊಂಡೇ?”

“ನಮ್ಮಲ್ಲಿ ಹಾಗೆಯೇ,” ಎಂದಳು ಶಾಂತಾ.

ಡಯೇನ್ ನಗಲಿಲ್ಲ. “ಇನ್ನು ಸೋಪಿನ ನೀರು ಒಂದು ತೊಟ್ಟೂ ನೆಲಕ್ಕೆ ಬೀಳಕೂಡದು. ಇವತ್ತು ಟಾಕಿ ತುಂಬಿಸಿ. ನಾಳೆ ಬೆಳಿಗ್ಗೆ ಅಷ್ಟೇ ಇದ್ದರೆ ಇರಿ. ಇಳಿದಿದ್ದರೆ ಹೊರಡಿ.”

ಗಾಡಿ ಹಳೆಯದು. ಶಾಂತಾ ಸುರಿದದ್ದಂತೂ ನಿಜ. ಅದರ ಜೊತೆ ಟಾಕಿಯೂ ಸೋರುತ್ತಿದ್ದರೆ? ನಾನು ನಳ ತಿರುವಿದೆ. ಯಾರೂ ಮುಖ ತೊಳೆಯದ, ಏನನ್ನೂ ನೆನೆಸದ ಶುದ್ಧ ನೀರು ಹಾಗೇ ಕೆಳಗಿಳಿಯತೊಡಗಿತು. ಶಾಂತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೋಡುತ್ತ ನಿಂತಳು. ಆಮೇಲೆ ಶುರುವಾಯಿತು.

“ಎಂಥಾ ಊರಿಗೆ ತಂದ್ ಹಾಕೀರಿ ನನ್ನ, ನಮ್ಮವ್ವ ಒಂದ್ ಕೊಡ ನೀರಿಗೆ ಬೆಳಗಾಗೂದ್ರಾಗ ಎದ್ದು ಬಾವಿಗೆ ಹೋಗ್ತಿದ್ಲು, ಮಾರಿ ತೊಳದ ನೀರ ನಿಂಬಿ ಗಿಡಕ್ಕ, ಅಕ್ಕಿ ತೊಳದ ನೀರ ಎಮ್ಮಿಗೆ, ಇಲ್ಲಿ ನೋಡಿದ್ರ ಚೆಲ್ಲಿದವ್ರ ಶ್ಯಾಣ್ಯಾರು ಉಳಿಸಿದವ್ರ ಕಳ್ಳರು, ನೀವರೆ ಏನ್ ಗಂಡಸ್ರಿ, ಆಕಿ ಮುಂದ ಬಾಯಾಗ ಬೆಲ್ಲ ಇಟ್ಕೊಂಡ್ ನಿಂತಿದ್ರಿ, ಇನ್ನಷ್ಟ ತಿರುವ್ರಿ ಆ ನಳಾ, ತುಂಬಲಿ ಆ ಹಾಳ ಟಾಕಿ, ತುಂಬಲಿ.”

ನಾನು ನಳ ಹಿಡಿದು ಹಾಗೇ ನಿಂತಿದ್ದೆ. ಅವಳು ಗೋಡೆ ಹಿಡಿದಿರಲಿಲ್ಲ. ನಡುವೆ ಎಲ್ಲೂ ಉಸಿರು ತಪ್ಪಿರಲಿಲ್ಲ. ಉಳಿದರ್ಧ ವಾಪಸ್ ಬಂದಿತ್ತು.

ಬೆಳಿಗ್ಗೆ ನೋಡಿದರೆ ಟಾಕಿ ಹಾಗೇ ತುಂಬಿತ್ತು. ಹನಿ ವ್ಯಾಗನ್ನಿನ ಪೈಪು ಮೈತುಂಬಿಕೊಂಡು ನಡುಗಿತು. ಡಯೇನ್ ದೂರದಿಂದ ಕೈ ಬೀಸಿದಳು. ಅಕ್ಕಿ, ಬೇಳೆ ತೊಳೆದ ನೀರನ್ನು ಗಿಡಕ್ಕೆ ಹಾಕಲು ಅಪ್ಪಣೆಯೂ ಸಿಕ್ಕಿತು. ವಸಂತದವರೆಗೂ ನಾವಿಲ್ಲಿ ಇರುತ್ತೇವೆ. ಆಮೇಲೆ ವಿನಿಪೆಗ್, ಅದರಾಚೆಗೆ ಮತ್ತೆ ಈ ದಂಡೆ. ಅಗರಖೇಡಕ್ಕೆ ಮಳೆಗಾಲದಲ್ಲಿ, ಧೂಳು ಕೂತಾಗ, ಅತಿಥಿಗಳಂತೆ ಬರುತ್ತೇವೆ. ಅವಳ ಉಸಿರಿಗೆ ಒಗ್ಗುವ ಗಾಳಿ ಒಂದು ಕಡೆ, ಆ ಉಸಿರಿನ ಮಾತು ಹುಟ್ಟಿದ ಮಣ್ಣು ಇನ್ನೊಂದು ಕಡೆ. ಎರಡೂ ಒಂದೇ ಊರಲ್ಲಿ ಸಿಗಲಿಲ್ಲ.

ಇಲ್ಲಿಯವರೆಗೆ ಓದಿ ಶಾಂತಾ, “ಇಷ್ಟುದ್ದ ನಾ ಬೈದೇ ಇಲ್ರಿ,” ಎಂದಳು.

ಬೈದಿದ್ದಾಳೆ. ಚಪ್ಪಲಿ ನಾನು ತಂದು ಇಟ್ಟದ್ದಿರಬಹುದು. ಇದಲ್ಲ.